ಯಂತ್ರ ಯಾಕೆ ನಿಲ್ಲಲಿಲ್ಲ

ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಮಡಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು, "ಮುಂಚೆ ಮಡಕೆ ಮಾರ್ತಿದ್ರಾ?" ಎಂದು ಕೇಳಿ ನಗೆಪಾಟಲಾಗುತ್ತಿದ್ದರು. ಹೋಟೆಲು, ಆಸ್ಪತ್ರೆಗಳಿಂದ ಗಾಡಿಗಟ್ಟಲೆ ಬರುವ ಹಾಸಿಗೆಬಟ್ಟೆಗಳನ್ನು ಅವಳು ಮಡಚಿಟ್ಟರೆ ಅಂಚಿಗೆ ಅಂಚು ಕೂಡಿ ಹೊಸ ಪುಸ್ತಕದ ಹಾಗೆ ಕಾಣುತ್ತಿದ್ದವು. ಮಡಚುವ ಮೊದಲು ಅವನ್ನು ಇಸ್ತ್ರಿ ಯಂತ್ರದ ಎರಡು ಬಿಸಿ ಉರುಳೆಗಳ ನಡುವೆ ತೂರಿಸಬೇಕು. ಅದೂ ಅವಳದೇ ಕೆಲಸ. ಹನ್ನೊಂದು ವರ್ಷದ ಹಿಂದೆ ಅವಳನ್ನು ಅಲ್ಲಿಗೆ ಸೇರಿಸಿದವನು ಅವಳ ಒಡಹುಟ್ಟಿದ ಅಣ್ಣ. ಅಲ್ಲಿಯ ಯಂತ್ರಗಳ ಮೆಕ್ಯಾನಿಕ್ ಅವನೇ.

ಒಂದು ಮಂಗಳವಾರ ಬೆಳಗ್ಗೆ ಹತ್ತರ ಸುಮಾರಿಗೆ, ಉರುಳೆಯತ್ತ ಸಾಗುತ್ತಿದ್ದ ಬಟ್ಟೆಯ ಮೂಲೆ ಮುದುರಿಕೊಂಡಿತು. ದಿನಕ್ಕೆ ನೂರು ಸಲ ಮಾಡುವಂತೆ ಅವಳು ಅಂಗೈಯಿಂದ ಅದನ್ನು ಸವರಿದಳು. ಬಟ್ಟೆಯ ಜೊತೆ ಬಲಗೈಯೂ ಒಳಗೆ ಹೋಯಿತು. ನೋವು ತಿಳಿಯುವ ಮೊದಲೇ ಅವಳ ತಲೆಯಲ್ಲಿ ಮೂಡಿದ್ದು ಒಂದೇ ಮಾತು: ಇದು ಈಗ ನಿಲ್ಲಬೇಕಿತ್ತಲ್ಲ. ಉರುಳೆಗಳ ಮುಂದೆ ಅಡ್ಡಕ್ಕೊಂದು ಉಕ್ಕಿನ ಸರಳಿತ್ತು. ಬೆರಳು ತಾಗಿದರೆ ಸಾಕು, ಯಂತ್ರ ತಾನಾಗಿ ನಿಲ್ಲಬೇಕು. ಅಂದು ನಿಲ್ಲಲಿಲ್ಲ. ಯಂತ್ರದ ಆಚೆಬದಿಯಲ್ಲಿ ಬಟ್ಟೆ ಹಿಡಿಯುತ್ತಿದ್ದವಳು ಓಡಿಹೋಗಿ ಗೋಡೆಯ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೂ ಒಳಗೆ ಹೋಗಿತ್ತು.

ವೈದ್ಯರು ಎರಡು ಬೆರಳು ತೆಗೆದರು. ಉಳಿದವು ಮಡಚುವುದಿಲ್ಲ ಎಂದರು.

ಮರುದಿನ ಅಣ್ಣ ವಾರ್ಡಿಗೆ ಬಂದ. ಅವಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಹೇಳಿದ: "ಆಸ್ಪತ್ರೆ ಖರ್ಚು ಕಂಪನಿಯೋರೇ ನೋಡ್ಕೋತಾರಂತೆ. ಇಲ್ಲೊಂದು ಸಹಿ ಬೇಕಂತೆ." ಔಷಧಿಯ ಮಂಪರಿನಲ್ಲಿದ್ದ ಅವಳು ಎಡಗೈಯಲ್ಲಿ ಏನೋ ಗೀಚಿದಳು.

ಅವನು ಹೋದ ಮೇಲೆ ಡ್ರೆಸ್ಸಿಂಗ್ ಮಾಡಲು ಬಂದ ನರ್ಸ್ ಕೇಳಿದಳು, "ಏನದು ಕಾಗದ, ಓದಿ ಸಹಿ ಹಾಕಿದ್ರಾ?"

"ಅಣ್ಣ ತಂದಿದ್ದು. ಓದೋದೇನಿದೆ?"

ನರ್ಸ್ ಪಟ್ಟಿ ಸುತ್ತಿದಳು. ಆಮೇಲೆ ಒಂದು ಚೀಟಿಯಲ್ಲಿ ಉಚಿತ ಕಾನೂನು ನೆರವು ಕೊಡುವ ವಕೀಲೆಯೊಬ್ಬರ ವಿಳಾಸ ಬರೆದು ದಿಂಬಿನ ಕೆಳಗಿಟ್ಟಳು.

ಮೂರು ವಾರಕ್ಕೆ ಕಂಪನಿಯಿಂದ ಪತ್ರ ಬಂತು. ಕೆಲಸ ಹೋಗಿತ್ತು. ಜೊತೆಗೆ ಅವಳದೇ ಹೇಳಿಕೆಯ ಪ್ರತಿ: 'ಈ ಅಪಘಾತ ನನ್ನ ಅಜಾಗರೂಕತೆಯಿಂದಲೇ ಆಯಿತು. ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ.' ಕೆಳಗೆ ಕಾಗೆ ಕಾಲಿನಂಥ ಅವಳ ಸಹಿ. ಶಾಲಾ ವಾಹನ ಓಡಿಸುವ ಗಂಡ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಎರಡನೆಯ ಸಲಕ್ಕೂ ಅವಳಿಗೆ ಅದು ಬೇರೆ ಯಾರದೋ ಮಾತಿನಂತೆಯೇ ಕೇಳಿಸಿತು.

ವಕೀಲೆಯ ಕಚೇರಿ ಒಂದು ಔಷಧಿ ಅಂಗಡಿಯ ಮೇಲಿತ್ತು. ಅದುವರೆಗೆ ಎಲ್ಲರೂ ಅವಳನ್ನು ಕೇಳಿದ್ದು, ಕೈ ಯಾಕೆ ಇಟ್ಟೆ ಅಂತ. ವಕೀಲೆ ಕೇಳಿದ್ದು ಬೇರೆ: "ಯಂತ್ರ ಯಾಕೆ ನಿಲ್ಲಲಿಲ್ಲ?"

ಮಡಿಕೆಯಕ್ಕ ಕಂಪನಿಯ ಪತ್ರವನ್ನು ಮುಂದಿಟ್ಟಳು. ವಕೀಲೆ ಅದನ್ನು ಓದಿದರು.

"ಗಾಯ ಆಗಿದ್ದು ಕೆಲಸ ಮಾಡ್ತಿರುವಾಗ. ಓದದೆ, ಮಂಪರಲ್ಲಿ ಹಾಕಿದ ಸಹಿಯಿಂದ ನಿಮ್ಮ ಹಕ್ಕೇನೂ ಸುಮ್ಮನೆ ಹೋಗಿಬಿಡಲ್ಲ. ಆದ್ರೆ ಕೇಳೋಕೆ ಗಡುವಿದೆ. ತಡ ಮಾಡೋದು ಬೇಡ."

"ಅವರಾಗೇ ಮನಸ್ಸು ಮಾಡಿ ಕೊಟ್ರೆ ತಾನೆ, ಮೇಡಂ?"

"ಅವರು ಮನಸ್ಸು ಮಾಡೋ ವಿಷಯ ಅಲ್ಲ ಇದು. ನೀವು ಕೇಳೋದು ದಯೆ ಅಲ್ಲ."

ಅಪಘಾತದ ಮರುದಿನ ಸರ್ಕಾರಿ ತನಿಖಾಧಿಕಾರಿ ಯಂತ್ರದ ಫೋಟೋ ತೆಗೆದಿದ್ದರು. ತಿಂಗಳ ನಂತರ ವಕೀಲೆ ಅವುಗಳ ಪ್ರತಿ ತರಿಸಿ ಅವಳ ಮುಂದೆ ಹರಡಿದರು. ಉಕ್ಕಿನ ಸರಳು ಅಲುಗಾಡದಂತೆ, ಪಕ್ಕದ ಮುಚ್ಚಳಗಳ ಒಳಗೆ, ಅದರ ಎರಡೂ ತುದಿಗೆ ತಾಮ್ರದ ತಂತಿ ಬಿಗಿದಿತ್ತು. ಮೂರು ಸುತ್ತು ಸುತ್ತಿ, ತುದಿ ಚುಚ್ಚದ ಹಾಗೆ ಹಿಂದಕ್ಕೆ ಬಗ್ಗಿಸಿ ಒಳಗೆ ಸೇರಿಸಿದ ಕಟ್ಟು. ಅವಳ ಮನೆಯ ಬಟ್ಟೆ ಒಣಗುವ ತಂತಿ, ನೀರಿನ ಪೈಪು, ಬಾಗಿಲ ಚಿಲಕ ಎಲ್ಲದರ ಮೇಲೂ ಅಣ್ಣ ಹಾಕಿಕೊಟ್ಟಿದ್ದು ಅದೇ ಕಟ್ಟು. ವಕೀಲೆ ಏನೋ ಹೇಳುತ್ತಲೇ ಇದ್ದರು, ಇವಳ ಕಿವಿಗೆ ಬೀಳಲಿಲ್ಲ.

ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋಗಿ ಫೋಟೋವನ್ನು ಮೇಜಿನ ಮೇಲಿಟ್ಟಳು. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಅಣ್ಣ ಫೋಟೋ ನೋಡಿ ಕನ್ನಡಕ ತೆಗೆದ.

"ಬಟ್ಟೆಯ ದಪ್ಪ ಅಂಚು ಸರಳಿಗೆ ತಾಗಿದ್ರೂ ಯಂತ್ರ ನಿಲ್ತಿತ್ತು. ದಿನಕ್ಕೆ ನಲವತ್ತು ಸಲ. ಮ್ಯಾನೇಜರ್ ಕಟ್ಟು ಅಂದ್ರು. ಎರಡು ದಿನದ ಮಟ್ಟಿಗೆ ಅಂದ್ರು."

"ಎಷ್ಟು ದಿನ ಆಗಿತ್ತು?"

"ಏಳು ತಿಂಗಳು."

ಯಂತ್ರ ಪದೇಪದೇ ನಿಲ್ಲದಿರುವುದು ಅಣ್ಣನ ರಿಪೇರಿಯಿಂದ ಎಂದುಕೊಂಡು ಏಳು ತಿಂಗಳು ಅವಳು ಅದೇ ಜಾಗದಲ್ಲಿ ಕೈ ಆಡಿಸಿದ್ದಳು.

"ನನಗೊಂದು ಮಾತು ಹೇಳಬಹುದಿತ್ತಲ್ಲೋ."

"ಹೇಳಿದ್ರೆ ನೀನು ಹೆದರಿ ನಿಧಾನ ಮಾಡ್ತಿದ್ದೆ. ಯಾಕೆ ನಿಧಾನ ಅಂತ ಅವರು ಕೇಳ್ತಿದ್ರು."

ಅತ್ತಿಗೆಯ ಕೈಯ ಚಾಕು ಹಾಗೇ ನಿಂತುಬಿಟ್ಟಿತ್ತು. ಕುಕ್ಕರ್ ಕೂಗಿದರೂ ಯಾರೂ ಏಳಲಿಲ್ಲ.

ಅವಳ ಅರ್ಜಿಯ ವಿಚಾರಣೆ ನಡೆದದ್ದು ಕಾರ್ಮಿಕ ಪರಿಹಾರದ ಅಧಿಕಾರಿಯ ಮುಂದೆ, ಉದ್ದನೆಯ ಮೇಜಿನ ಒಂದು ಚಿಕ್ಕ ಕೋಣೆಯಲ್ಲಿ. ಅಣ್ಣ ಬಂದದ್ದು ಕಂಪನಿಯ ಸಾಕ್ಷಿಯಾಗಿ. ಮ್ಯಾನೇಜರ್ ಸಲೀಸಾಗಿ ಹೇಳಿದ: ತಂತಿ ಕಟ್ಟಲು ಯಾರೂ ಹೇಳಿರಲಿಲ್ಲ, ಮೆಕ್ಯಾನಿಕ್ ತನ್ನ ತಲೆಗೆ ತೋಚಿದಂತೆ ಮಾಡಿದ್ದಾನೆ. ಆ ಮಾತು ಅಣ್ಣನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಅವನು ಎದ್ದು ನಿಂತ. "ಕಟ್ಟಿದ್ದು ನಾನು, ಸ್ವಾಮಿ. ಕಟ್ಟಿಸಿದ್ದು ಇವರು." ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಸರಳು ಕಟ್ಟಿಹಾಕುವಂತೆ ಮ್ಯಾನೇಜರ್ ಕೈಬರಹದಲ್ಲಿದ್ದ ಆದೇಶ. ತಾರೀಖು, ಸಹಿ ಎಲ್ಲ ಇತ್ತು.

ತೀರ್ಪು ಅವಳ ಪರವಾಯಿತು. ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಸಹಿಗೆ ಬೆಲೆಯಿಲ್ಲ ಎಂದರು. ಚಿಕಿತ್ಸೆಯ ಖರ್ಚು, ಕಳೆದುಕೊಂಡ ದುಡಿಮೆಗೆ ಪರಿಹಾರ ಕೊಡಬೇಕೆಂದರು. ಸರಳು ಸರಿಯಾಗುವ ತನಕ ಆ ಯಂತ್ರಗಳಿಗೆ ಬೀಗ ಬಿತ್ತು. ಅಣ್ಣನ ಕೆಲಸವೂ ಹೋಯಿತು.

ಹೊರಗೆ ಮೆಟ್ಟಿಲ ಬಳಿ ಅವನು ಕಾದಿದ್ದ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆಸ್ಪತ್ರೆಗೆ ಸಹಿ ತಗೊಳ್ಳೋಕೆ ಬಂದಾಗ್ಲೂ ಈ ಕಾಗದ ನಿನ್ನ ಹತ್ರ ಇತ್ತಾ?"

"ಇತ್ತು. ನಾಳೆ ನನ್ನ ಮೇಲೇ ಬಂದ್ರೆ ಬೇಕಾಗುತ್ತೆ ಅಂತ ಇಟ್ಕೊಂಡಿದ್ದೆ."

ಅವಳು ಗೋಡೆ ಹಿಡಿದು ಇಳಿದಳು.

ಈಗ ಅವಳು ಒಂದು ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಎಡಗೈಯಲ್ಲಿ ಚೀಟಿ ಬರೆಯುತ್ತಾಳೆ. ಅತ್ತಿಗೆ ಆಗಾಗ ಬಂದು ಅಡುಗೆಗೆ ಕೈಜೋಡಿಸಿ ಹೋಗುತ್ತಾಳೆ. ಅಣ್ಣ ಬೀದಿಯ ತಿರುವಿನವರೆಗೆ ಬಂದು ಅಲ್ಲೇ ನಿಲ್ಲುತ್ತಾನಂತೆ. "ಇನ್ನೂ ಕೋಪಾನಾ?" ಎಂದು ಗಂಡ ಒಮ್ಮೆ ಕೇಳಿದ.

"ಕೋಪ ಬಂದಿದ್ರೆ ಎಷ್ಟೋ ವಾಸಿ ಇತ್ತು," ಎಂದಳು ಅವಳು. "ಅಣ್ಣ ಹೀಗೆ ಮಾಡ್ದ ಅಂತ ನನಗಿನ್ನೂ ನಂಬೋಕೇ ಆಗ್ತಿಲ್ಲ."