ಇಕ್ಕಳದ ಹಿಡಿತ

ಹುಚ್ಚಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಇಕ್ಕಳ ಎಂದೇ ಕರೆಯುತ್ತಿದ್ದರು. ಅವಳು ಹಿಡಿದರೆ ಬಿಡಿಸಿಕೊಂಡವರಿಲ್ಲ. ಕೆಲಸವೂ ಅದೇ, ಹಿಡಿದುಕೊಳ್ಳುವುದು. ಒದ್ದೆ ಕಂಬಳಿಯನ್ನು ಹಿಂದಿನಿಂದ ತಲೆಯ ಮೇಲೆ ಎಸೆದು, ತೋಳು ಸೇರಿಸಿ ಸುತ್ತಿ, ಮೇಜಿನ ಮೇಲೆ ಕೆಡವಿ, ಮೂಗಿಗೆ ಮತ್ತು ಬರಿಸುವ ಮದ್ದಿನ ಬಟ್ಟೆ ಒತ್ತುವ ತನಕ ಎದೆಯ ಮೇಲೆ ಮೊಣಕಾಲು ಊರುವುದು. ಮುಖ ನೋಡಬಾರದು, ಅದು ವಾರ್ಡಿನ ಕಟ್ಟಳೆ. ನೋಡಿದರೆ ಕೈ ಸಡಿಲವಾಗುತ್ತದೆ ಎಂದು ಹಳೆಯ ಆಯಾ ಹೇಳಿಕೊಟ್ಟಿದ್ದಳು.

ದೊಡ್ಡ ಡಾಕ್ಟರರದು ಒಂದೇ ಹಟ. ಹುಚ್ಚು ರಕ್ತದಲ್ಲಿ ಹರಿದು ಬರುತ್ತದೆ, ಅಂಥ ಮನೆತನದ ಹೆಣ್ಣು ಹೆರಬಾರದು. ಗೋಡೆಯ ಹಲಗೆಯ ಮೇಲೆ ಒಂದೊಂದು ಮನೆತನವನ್ನೂ ಮರದಂತೆ ಬರೆದು, ಕೆಟ್ಟ ಕೊಂಬೆಗೆ ಕಪ್ಪು ಬಳಿಯುತ್ತಿದ್ದರು. ಆ ಕಪ್ಪಿನ ಕೆಳಗೆ ಹುಟ್ಟಿದ ಹೆಣ್ಣುಮಕ್ಕಳನ್ನು, ಹುಚ್ಚಿರಲಿ ಬಿಡಲಿ, ಎಳೆತರಿಸಿ, ಮುಂದೆ ಹೆರದ ಹಾಗೆ ಹೊಟ್ಟೆ ಕೊಯ್ದು ಕಳಿಸುತ್ತಿದ್ದರು.

ಇಕ್ಕಳದ ಅಣ್ಣ, ಬಡಗಿ, ಅದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಗೋಡೆಗೆ ತಲೆ ಜಜ್ಜಿಕೊಂಡು ಸತ್ತಿದ್ದ. ಅವನಿಗೊಬ್ಬಳೇ ಮಗಳು, ಹೊಲಿಗೆ ಕೆಲಸದವಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಇವಳೇ. ಹುಡುಗಿಗೆ ಮದುವೆ ಗೊತ್ತಾಯಿತು. ಸೋದರತ್ತೆಯಾದ ಇವಳು ಹೋಗಿ ಡಾಕ್ಟರರ ಕಾಲು ಹಿಡಿದಳು.

"ಅವಳನ್ನ ಮುಟ್ಟಬೇಡಿ ಸ್ವಾಮಿ."

"ನೀನು ನಿಯತ್ತಾಗಿ ಕೆಲಸ ಮಾಡು. ನೋಡೋಣ."

ಆ 'ನೋಡೋಣ'ವನ್ನೇ ಅವಳು ಕೊಟ್ಟ ಮಾತು ಅಂದುಕೊಂಡಳು. ಅಂದಿನಿಂದ ಹಿಡಿತ ಇನ್ನೂ ಬಿಗಿಯಾಯಿತು. ಒಬ್ಬಳ ತೋಳಿನ ಕೀಲು ತಪ್ಪಿತು. ಇನ್ನೊಬ್ಬಳು ಇವಳ ಹೆಬ್ಬೆರಳಿನ ಮಾಂಸವನ್ನೇ ಕಚ್ಚಿ ಕಿತ್ತಳು. ಇವಳು ಬಿಡಲಿಲ್ಲ.

ಮದುವೆ ಹತ್ತಿರವಾದಾಗ ಒಂದು ಬೆಳಿಗ್ಗೆ ಕಾಂಪೌಂಡರ್ ಕೂಗಿದ. "ಬೇಗ ಬಾರೇ ಇಕ್ಕಳ! ಕುದುರೆ ಥರ ಒದೀತಾಳೆ ಇವಳು, ನಮ್ಮ ಕೈಲಾಗಲ್ಲ!"

ಕಂಬಳಿ ಆಗಲೇ ಬಿದ್ದಿತ್ತು. ಇಕ್ಕಳ ತಬ್ಬಿ ಎತ್ತಿ ಮೇಜಿಗೆ ಅಪ್ಪಳಿಸಿದಳು, ಮೊಣಕಾಲು ಊರಿದಳು. ಅಡಿಯಲ್ಲಿ ಪಕ್ಕೆಲುಬು ಲಟಕ್ಕೆಂದಿತು. ಒದ್ದೆ ಉಣ್ಣೆಯೊಳಗಿಂದ ಉಸಿರುಗಟ್ಟಿದ ದನಿ ಬಂತು.

"ನಮ್ಮತ್ತೇನ ಕರೀರಿ! ಇಲ್ಲೇ ಇರೋದು ಅವಳು! ನಿಮ್ಮನ್ನ ಸುಮ್ಮನೆ ಬಿಡಲ್ಲ ನೋಡಿ!"

ಇಕ್ಕಳ ಕಂಬಳಿ ಎಳೆದಳು. ಮುಖ ನೋಡಿದಳು.

ಮೇಜಿನ ಪಕ್ಕ ಚಾಕು ಹಿಡಿದು ನಿಂತಿದ್ದ ದೊಡ್ಡ ಡಾಕ್ಟರರ ಮಣಿಕಟ್ಟನ್ನು ಒಣ ಪುಳ್ಳೆಯ ಹಾಗೆ ಮುರಿದಳು. ಕಾಂಪೌಂಡರನ ಮುಖವನ್ನು ಮೇಜಿನ ಅಂಚಿಗೆ ಬಡಿದಳು, ಹಲ್ಲು ನೆಲಕ್ಕೆ ಚೆಲ್ಲಿದವು.

"ಓಡೇ ನಮ್ಮವ್ವ! ತಿರುಗಿ ನೋಡಬೇಡ!"

ಹುಡುಗಿ ಪಕ್ಕೆ ಹಿಡಿದುಕೊಂಡು ಓಡಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಕೆಡವಲು ಗಂಡಸರ ವಾರ್ಡಿನ ಆಳುಗಳೆಲ್ಲ ದೊಣ್ಣೆ ತರಬೇಕಾಯಿತು. ತಲೆ ಒಡೆದ ಮೇಲೂ ಬಾಗಿಲ ಚೌಕಟ್ಟಿನಿಂದ ಅವಳ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಡಾಕ್ಟರರು ಅಂದರು, "ನೋಡಿದ್ರಾ? ನಾನು ಹೇಳಲಿಲ್ವಾ? ರಕ್ತದಲ್ಲೇ ಇದೆ."

ಅವಳು ಬಾಯಿಯ ರಕ್ತ ಉಗುಳಿ ನಕ್ಕಳು. "ಹೂಂ ಸ್ವಾಮಿ. ನಮ್ಮಜ್ಜೀನೂ ಹೀಗೇನೇ. ಮನೆ ಮಕ್ಕಳನ್ನ ಮುಟ್ಟಿದೋರ ಕೈ ಮುರೀತಿದ್ಲು."

ಹಲಗೆಯ ಮೇಲೆ ಅವಳ ಕೊಂಬೆಗೂ ಕಪ್ಪು ಬಳಿದು, ಅವಳನ್ನೂ ಹುಚ್ಚಿಯೆಂದು ಕೂಡಿಹಾಕಿದರು. ತಾನು ದುಡಿದ ವಾರ್ಡಿನಲ್ಲೇ, ಅದೇ ಕಂಬಳಿಯೊಳಗೆ, ಅವಳು ಸತ್ತಳು.

ಅಣ್ಣನ ಮಗಳು ದೂರದ ಊರು ಸೇರಿ ಮದುವೆಯಾದಳು, ಹೆತ್ತಳು. ಚಳಿ ಹೆಚ್ಚಾದರೆ ಅವಳಿಗೆ ಪಕ್ಕೆ ಈಗಲೂ ನೋಯುತ್ತದೆ. ಏನಾಗಿತ್ತಮ್ಮ ಎಂದು ಮಕ್ಕಳು ಕೇಳಿದರೆ, ಬಿದ್ದಿದ್ದೆ ಅನ್ನುತ್ತಾಳೆ.