ಅಡಿಕೆ ಕಚ್ಚಿ ನೋಡುವ ಅಭ್ಯಾಸ

ತರೀಕೆರೆ ಹತ್ತಿರದ ಕಣವೊಂದರಲ್ಲಿ, ಅಡಿಕೆ ಒಣಗಿದೆಯೇ ಎಂದು ಎಂದಿನಂತೆ ಹಲ್ಲಿನಲ್ಲಿ ಕಚ್ಚಿ ನೋಡಿದೆ. ಅಡಿಕೆ ಕೊಳ್ಳುವ ನನಗೆ ಅದು ಹಳೆಯ ಅಭ್ಯಾಸ. ಕಟ್ ಎಂದಿತು. ಒಡೆದದ್ದು ಅಡಿಕೆಯಲ್ಲ; ದವಡೆ ಹಲ್ಲಿನ ಕ್ಯಾಪ್ ಕಳಚಿ ಗಂಟಲಿಗೆ ಜಾರಿತ್ತು. ಕೆಮ್ಮಲೂ ಆಗದು, ಉಸಿರೂ ಬಾರದು. ಕಣ್ಣು ಕತ್ತಲಿಟ್ಟಿತು. ಅಡಿಕೆ ತೋರಿಸುತ್ತಿದ್ದ ಗಿರಿಜಮ್ಮ ನನ್ನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದರು. ನಾಲ್ಕನೇ ಗುದ್ದಿಗೆ ಕ್ಯಾಪ್ ರಾಶಿಯ ಮೇಲೆ ಬಿತ್ತು.

“ಜೀವಾನೇ ಹೋಗ್ತಿತ್ತಲ್ಲಪ್ಪಾ! ಅಡಕತ್ತರೀಲಿ ಕತ್ತರಿಸಿ ನೋಡಿದ್ರೆ ಆಗ್ತಿರ್ಲಿಲ್ವಾ?” ಎಂದರು.

ಗಟ್ಟಿ ಪದಾರ್ಥ ಕಚ್ಚಬೇಡಿ ಎಂದು ಹಲ್ಲಿನ ಡಾಕ್ಟರು ಮೊದಲೇ ಹೇಳಿದ್ದರು. ನಾನು ಹೂಂಗುಟ್ಟಿದ್ದೆ, ಅಷ್ಟೇ.

ಈಗ ಜೇಬಿನಲ್ಲಿ ಅಡಕತ್ತರಿ ಇರುತ್ತದೆ. ಆದರೂ ರಾಶಿಯ ಮುಂದೆ ನಿಂತರೆ ಕೈ ತಾನಾಗಿಯೇ ಅಡಿಕೆಯನ್ನು ಬಾಯಿಗೆ ತರುತ್ತದೆ. ನನಗೀಗ ಆ ಕೈಯದೇ ಭಯ.