ನನ್ನ ತಲೆನೋವನ್ನು ನಂಬಿದ ಮೇಷ್ಟ್ರು

ಆಂಜನೇಯಸ್ವಾಮಿಯನ್ನು ನಂಬಿದವರೆಲ್ಲರಿಗೂ ಮೊದಲು ನನ್ನ ಕುಚೋದ್ಯ ಹೇಳಿಬಿಡುತ್ತೇನೆ. ಕೆಂಗೇರಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಅರ್ಚಕರ ಕೆಮ್ಮು, ಅಪ್ಪನ ಗೊರಕೆ, ಗಣಿತದ ಮೇಷ್ಟ್ರ ಪಾಠ, ಕೊನೆಗೆ ಕನ್ನಡಿ ಮುಂದೆ ಕ್ರಾಪು ತೀಡುವ ನನ್ನನ್ನೂ ಸೇರಿಸಿ ಯಾರನ್ನೂ ಬಿಟ್ಟವನಲ್ಲ. ಹಾಗಾಗಿ ನಿಜವಾಗಿ ಕಾಯಿಲೆ ಬಿದ್ದಾಗ ಯಾರೂ ನಂಬಲಿಲ್ಲ.

ಸಂಕ್ರಾಂತಿಗೆ ಮುಂಚೆ ಶಾಲೆಯ ಕಬಡ್ಡಿ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ನನ್ನ ತಲೆಗೆ ಬಡಿಯಿತು. ಮಣ್ಣು ಕೊಡವಿಕೊಂಡು ಆಟ ಮುಗಿಸಿದೆ. ಮಾರನೆಯ ದಿನದಿಂದ ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದವು. ಓದಿದ್ದು ಪುಟ ತಿರುಗಿಸುವಷ್ಟರಲ್ಲಿ ಮರೆಯುತ್ತಿತ್ತು. ಎದುರಿಗೆ ಎಸ್ಸೆಸ್ಸೆಲ್ಸಿ.

"ತಲೆ ಸಿಡೀತಾ ಇದೆಯಮ್ಮ" ಎಂದರೆ ಅಮ್ಮ, "ಇದ್ಯಾರ ಅಣಕ, ನಿಮ್ಮಜ್ಜೀದಾ?" ಎಂದು ನಕ್ಕಳು. ಅಪ್ಪ, "ಪರೀಕ್ಷೆ ಬಂದ್ರೆ ಎಲ್ರ ತಲೇನೂ ನೋಯುತ್ತೆ ಕಣೋ" ಎಂದರು.

ಆಂಜನೇಯನ ಗುಡಿಗೆ ಒಬ್ಬನೇ ಹೋದೆ. ಪಾಸು ಮಾಡಿಸು ಎನ್ನುವ ಧೈರ್ಯ ಬರಲಿಲ್ಲ. "ಯಾರಾದ್ರೂ ಒಬ್ರು ನನ್ನ ನಂಬೋ ಹಾಗೆ ಮಾಡಪ್ಪ, ವೀಳ್ಯದೆಲೆ ಹಾರ ಹಾಕಿಸ್ತೀನಿ" ಎಂದು ಅತ್ತುಬಿಟ್ಟೆ.

ಮರುದಿನ ಗಣಿತದ ಮೇಷ್ಟ್ರು ಬರುವ ಮುಂಚೆ ಹುಡುಗರು ಎಂದಿನಂತೆ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಟವೆಲ್ಲನ್ನು ಪೇಟದಂತೆ ಸುತ್ತಿ ಮೇಷ್ಟ್ರ ದನಿಯಲ್ಲಿ ಶುರುಮಾಡಿದೆ. ಎಷ್ಟೋ ಸಲ ಆಡಿದ ಮಾತು ಅರ್ಧಕ್ಕೇ ನಿಂತಿತು. ಮುಂದಿನದು ಹೊಳೆಯಲೇ ಇಲ್ಲ. ನಗುತ್ತಿದ್ದವರು ಬಾಗಿಲ ಕಡೆ ನೋಡಿದರು. ಅಲ್ಲಿ ಮೇಷ್ಟ್ರು ನಿಂತಿದ್ದರು. ಬೆತ್ತದೇಟಿಗೆ ಕೈ ಚಾಚಿದೆ. ಅವರು ನನ್ನ ಗಲ್ಲ ಹಿಡಿದು ಕಣ್ಣು ನೋಡಿದರು.

"ನೀನು ನನ್ನ ಪಾಠ ಮರೆತ್ರೂ ನನ್ನ ಮರೆಯೋನಲ್ಲ. ನಿಂಗೇನೋ ಆಗಿದೆ. ನಡಿ."

ಅವರೇ ಬಸ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಬಸ್ಸು ಕುಲುಕಿದಾಗೆಲ್ಲ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿ ಹಿಡಿದಿದ್ದರು. ಏಟಿಗೆ ಮಿದುಳು ಅಲುಗಿದೆ, ನೋವು ಹೋಗುವವರೆಗೆ ಓದೂ ಬೇಡ, ಆಟವೂ ಬೇಡ ಎಂದರು ಡಾಕ್ಟರು.

ಆ ಸಲದ ಪರೀಕ್ಷೆ ತಪ್ಪಿತು. ಅಮ್ಮ ಬೆಳಕು ಬೀಳದಂತೆ ಕಿಟಕಿಗೆ ಹಳೇ ಸೀರೆ ಕಟ್ಟಿ, ಪಕ್ಕದಲ್ಲಿ ಕೂತು, ಅವತ್ತು ನಕ್ಕಿದ್ದಕ್ಕೆ ಅಳುತ್ತಾ ಗಂಜಿ ಕುಡಿಸಿದಳು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಂಚಾಂಗದ ಸಾಲು ಅಲುಗದೆ ನಿಂತಿತು. ಮೇಷ್ಟ್ರು ಮನೆಗೇ ಬಂದು ಸ್ವಲ್ಪ ಸ್ವಲ್ಪವಾಗಿ ಹೇಳಿಕೊಟ್ಟರು. ಮರುಪರೀಕ್ಷೆಯಲ್ಲಿ ಪಾಸಾದೆ. ಹಾರ ಹಾಕಿಸಿದೆವು. ನಂಬುವವರೊಬ್ಬರು ಬೇಕೆಂದು ಕೇಳಿದ್ದೆ. ನಾನು ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಂಡವರನ್ನೇ ಸ್ವಾಮಿ ಕಳಿಸಿದ. ಅವನ ಕರುಣೆಯ ಮುಂದೆ ನನ್ನ ಕುಚೋದ್ಯ ಏನೂ ಅಲ್ಲ.

ಹೋದ ವಾರ ಕಬಡ್ಡಿ ತಂಡದ ನಾಯಕ ರಂಗ ಮನೆಗೆ ಬಂದ. "ಈಗ ಹುಷಾರಾಗಿದಾನಲ್ಲಮ್ಮ, ಒಂದೇ ಒಂದು ಪಂದ್ಯಕ್ಕೆ ಕಳ್ಸಿ." ನನಗೂ ಆಸೆಯೇ. ಅಮ್ಮನ ಮುಖ ನೋಡಿದೆ.

"ಸ್ವಾಮಿ ಒಂದ್ಸಲ ಇವನ ತಲೆ ವಾಪಸ್ ಕೊಟ್ಟಿದಾನೆ ಕಣಪ್ಪ. ಇನ್ನೊಂದ್ಸಲ ಕೇಳೋಕೆ ನಂಗೆ ನಾಚ್ಕೆ."